ಹಳೆಯ ಹಾರ್ಡ್ ಡಿಸ್ಕ್ ಸಿಕ್ಕಿತೇ? ಆಟ ತೆರೆಯುವ ಮುನ್ನ ಇದನ್ನು ಓದಿ

ಸದಸ್ಯರೇ,

ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದ ಕಳೆದುಹೋದ ಹಳೆಯ ಆವೃತ್ತಿಗಳನ್ನು ನಾವು ಹುಡುಕುತ್ತಿದ್ದೇವೆ. ಅದರ ಆಲ್ಫಾ (ಆರಂಭಿಕ ಹಂತದ) 1.1.1 ಆವೃತ್ತಿ 2010ರ ಸೆಪ್ಟೆಂಬರ್‌ನಲ್ಲಿ ಬಂದು ಕೆಲವೇ ಗಂಟೆ ಚಲಾವಣೆಯಲ್ಲಿತ್ತು. ಅದೇ ದಿನ 1.1.2 ಅದರ ಜಾಗ ಹಿಡಿಯಿತು. ಮೀನು ಹಿಡಿಯುವ ಗಾಳ ಆಟಕ್ಕೆ ಸೇರಿದ್ದು 1.1.1ರಲ್ಲಿಯೇ. ಹತ್ತು ವರ್ಷ ಕಳೆದ ಮೇಲೆ, 2021ರಲ್ಲಿ, ಕಳೆದುಹೋಗಿದ್ದ ಆ 1.1.1ರ ಪ್ರತಿ ಪತ್ತೆಯಾಯಿತು. ಆದ್ದರಿಂದ ‘ನನ್ನ ಹತ್ತಿರ ಏನಿರುತ್ತದೆ ಬಿಡಿ’ ಎಂದು ಯಾರೂ ಕೈಚೆಲ್ಲಬೇಡಿ.

ಹಳೆಯ ಕಂಪ್ಯೂಟರ್ ಸಿಕ್ಕರೆ ಮೊದಲು ಇಂಟರ್‌ನೆಟ್ ಸಂಪರ್ಕ ಕಿತ್ತುಹಾಕಿ. ಉತ್ಸಾಹದಲ್ಲಿ ಆಟವನ್ನು ತೆರೆದೀರಿ, ಜೋಕೆ! ಲಾಂಚರ್ (ಆಟವನ್ನು ಶುರುಮಾಡುವ ತಂತ್ರಾಂಶ) ಹೊಸ ಆವೃತ್ತಿಯನ್ನು ಇಳಿಸಿಕೊಂಡು ಹಳೆಯದರ ಮೇಲೆಯೇ ಬರೆದುಬಿಡಬಹುದು. ಆಟದ ಫೋಲ್ಡರ್‌ನೊಳಗಿನ ‘ಬಿನ್’ನಲ್ಲಿ ಇರುವ ಜಾರ್ ಕಡತವೇ (ಆಟದ ಕೋಡ್ ಅನ್ನು ಒಟ್ಟುಗೂಡಿಸಿದ ಕಟ್ಟು) ನಮಗೆ ಬೇಕಾದ್ದು. ಅದನ್ನು ಬಿಚ್ಚಿ ಮತ್ತೆ ಕಟ್ಟಬೇಡಿ, ಹೆಸರು ಬದಲಿಸಬೇಡಿ; ಇದ್ದ ಹಾಗೆಯೇ ನಕಲು ಮಾಡಿ. ಒಳಗಿನ ಕಡತಗಳ ದಿನಾಂಕಗಳಿಂದಲೇ ಎಷ್ಟೋ ಸಲ ಆವೃತ್ತಿಯ ಗುರುತು ಸಿಗುತ್ತದೆ. ಮಾಡ್ (ಆಟಗಾರರು ಮಾಡುವ ಮಾರ್ಪಾಡು) ಹಾಕಿ ಕೆಡಿಸಿದ ಪ್ರತಿಯನ್ನೂ ಎಸೆಯಬೇಡಿ, ಅದರಲ್ಲಿ ಮೂಲದ ಬಹುಭಾಗ ಉಳಿದಿರುತ್ತದೆ.

ಇಡೀ ಫೋಲ್ಡರ್ ಅನ್ನು ಯಾರಿಗೂ ಕಳುಹಿಸಬೇಡಿ. ‘ಲಾಸ್ಟ್‌ಲಾಗಿನ್’ ಎಂಬ ಕಡತದಲ್ಲಿ ನಿಮ್ಮ ಹಳೆಯ ಪಾಸ್‌ವರ್ಡ್ ಇರಬಹುದು.

ಹಳೆಯ ಸ್ಕ್ರೀನ್‌ಶಾಟ್‌ಗಳೂ ಉಪಯುಕ್ತ: ಆಲ್ಫಾ ಕಾಲದ ಚಿತ್ರಗಳಲ್ಲಿ ಮೇಲಿನ ಎಡ ಮೂಲೆಯಲ್ಲಿ ಆವೃತ್ತಿಯ ಸಂಖ್ಯೆ ಕಾಣಬಹುದು. ಆ ಮೂಲೆಯನ್ನು ಕತ್ತರಿಸದೆ, ಮೂಲ ಗಾತ್ರದಲ್ಲಿಯೇ ಗುಂಪಿಗೆ ಹಾಕಿ. ಜಾರ್ ಸಿಕ್ಕವರು ಮೊದಲು ಅದರ ಹ್ಯಾಶ್ (ಕಡತದ ಒಳಾಂಶದಿಂದ ಲೆಕ್ಕಹಾಕುವ ಗುರುತು ಸಂಕೇತ) ಮತ್ತು ದಿನಾಂಕವನ್ನಷ್ಟೇ ತಿಳಿಸಿ. ಈಗಾಗಲೇ ಸಿಕ್ಕಿರುವ ಪ್ರತಿಗಳೊಂದಿಗೆ ಹೋಲಿಸಿ ಉತ್ತರಿಸುತ್ತೇವೆ.