ಅಪ್ಪನ ಕಣ್ಣು, ಅಟ್ಟದ ಪುಸ್ತಕ

ನ್ಯೂಯಾರ್ಕ್, ಭಾನುವಾರ

ಅಮ್ಮನಿಗೆ ನಮಸ್ಕಾರ. ಉಭಯ ಕುಶಲೋಪರಿ ಸಾಂಪ್ರತ.

ನಿನ್ನ ಕಾಗದ ಬಂತು. ಅಪ್ಪ ಸಕ್ಕರೆ ಅಂತ ಕಾಫಿಗೆ ಉಪ್ಪು ಹಾಕ್ಕೊಂಡಿದ್ದು ಓದಿ ಮೊದಲು ನಗು ಬಂತು. ಆಮೇಲೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಪೊರೆ ಆಪರೇಷನ್ನಿಗೆ ಅಂತ ಇಟ್ಟ ದುಡ್ಡಲ್ಲಿ ಇನ್ನೆರಡು ಮೂಟೆ ಹಳೇ ಪುಸ್ತಕ ತಂದಿದಾರಲ್ಲ, ಕಣ್ಣೇ ಕಾಣದಿದ್ರೆ ಓದೋರ್ಯಾರು? ಇಲ್ಲಿಂದ ಮುಂದೆ ಅಕ್ಷರ ದಪ್ಪಗೆ ಬರೀತೀನಿ, ಅವರ ಕೈಗೇ ಕೊಡು.

ಅಪ್ಪಾ, ಇಲ್ಲಿನ 42ನೇ ಬೀದಿಯ ದೊಡ್ಡ ಲೈಬ್ರರಿಗೆ ಹೋಗಿದ್ದೆ. ಬಾಗಿಲಲ್ಲಿ ಎರಡು ಕಲ್ಲಿನ ಸಿಂಹ. ಅವಕ್ಕೂ ನಾಮಕರಣ ಮಾಡಿದಾರೆ, ತಾಳ್ಮೆ, ಸ್ಥೈರ್ಯ ಅಂತ! ಮುಂಗೋಡೆ ಮೇಲೆ ಜೇಮ್ಸ್ ಲೆನಾಕ್ಸ್ ಹೆಸರು ಕೆತ್ತಿದೆ. 1800ರಲ್ಲಿ ಹುಟ್ಟಿದವನು, ವ್ಯಾಪಾರಿ ತಂದೆ ಬಿಟ್ಟುಹೋದ ಆಸ್ತಿ ಬೇಕಾದಷ್ಟು, ಮದುವೆಯಿಲ್ಲ. (ಅಮ್ಮ, ಇದೇ ನೆಪದಲ್ಲಿ ನನ್ನ ಜಾತಕ ತೆಗೀಬೇಡ.) ಕೋಣೆ ಕೋಣೆಯಲ್ಲೂ ನೆಲದಿಂದ ಸೂರಿನ ತನಕ ಪುಸ್ತಕ ಒಟ್ಟಿದ್ದನಂತೆ. ತನ್ನ ಹತ್ತಿರ ಇದ್ದದ್ದೇ ಕೈಗೆ ಸಿಗದೆ ಅದನ್ನೇ ಮತ್ತೆ ಕೊಳ್ಳೋದು. ನಮ್ಮ ಅಟ್ಟದಲ್ಲಿರೋ ಒಂದೇ ನಿಘಂಟಿನ ಮೂರು ಪ್ರತಿ ನೆನಪಾಯ್ತು. 1847ರಲ್ಲಿ ಲಂಡನ್ನಿನ ಹರಾಜಿನಲ್ಲಿ ಗುಟೆನ್‌ಬರ್ಗ್ ಬೈಬಲ್, ಅಂದ್ರೆ ಯುರೋಪಿನಲ್ಲಿ ಅಚ್ಚಿನ ಮೊಳೆ ಜೋಡಿಸಿ ಮುದ್ರಿಸಿದ ಮೊದಲ ದೊಡ್ಡ ಪುಸ್ತಕ, ಅವನ ಪಾಲಿಗೆ ಬಂತು, 500 ಪೌಂಡಿಗೆ. ರೇಟು ಕೇಳಿ ಹೌಹಾರಿ ಬೇಡವೇ ಬೇಡ ಅಂದವನು ಕೊನೆಗೆ ತಗೊಂಡ. ಹೀಗೆ ಮಾಡೋರು ಇನ್ನೊಬ್ಬರು ನನಗೆ ಗೊತ್ತು. ಅಮೆರಿಕಕ್ಕೆ ಬಂದ ಮೊದಲ ಪ್ರತಿ ಅದು. 1870ರಲ್ಲಿ ಅವನು ಸ್ಥಾಪಿಸಿದ ಲೈಬ್ರರಿಗೆ ಮೊದಮೊದಲು ಟಿಕೆಟ್ ಇಲ್ಲದೆ ಪ್ರವೇಶ ಇರಲಿಲ್ಲ. 1895ರಲ್ಲಿ ಅದು ಈ ಪಬ್ಲಿಕ್ ಲೈಬ್ರರಿಯೊಳಗೆ ಸೇರಿತು. ಈಗ ನನ್ನಂಥವನೂ ಟಿಕೆಟ್ಟೇ ಇಲ್ಲದೆ ನುಗ್ಗಬಹುದು.

ಆದರೆ ಅದೇ ಲೆನಾಕ್ಸ್ 1868ರಲ್ಲಿ ಪ್ರೆಸ್ಬಿಟೇರಿಯನ್ ಆಸ್ಪತ್ರೆ ಶುರುಮಾಡಿಸಿದ, ಜಾಗವನ್ನೂ ದುಡ್ಡನ್ನೂ ಕೊಟ್ಟ. ನಿಮ್ಮನ್ನ ಆಸ್ಪತ್ರೆ ಕಟ್ಟಿಸಿ ಅಂತ ಯಾರೂ ಕೇಳ್ತಿಲ್ಲ, ಒಳಗೆ ಹೋಗಿ ಬನ್ನಿ ಅಂತೀವಿ, ಅಷ್ಟೆ. ಪೊರೆ ಬಲೀಲಿ ಅಂತ ಕಾಯೋದು ಅಜ್ಜನ ಕಾಲಕ್ಕಾಯ್ತು. ಈಗ ಅರ್ಧ ಗಂಟೆ ಕೆಲಸ, ಹೊಲಿಗೆಯೂ ಇಲ್ಲ, ಸಂಜೆಗೆ ಮನೆ.

ಅಮ್ಮ, ದುಡ್ಡು ಇವತ್ತೇ ಹಾಕಿದೀನಿ. ನನಗೇನೂ ಕೊರತೆ ಇಲ್ಲ, ಖಂಡಿತ ಇಲ್ಲ, ಸ್ವಲ್ಪ ಕೆಮ್ಮು ಅಷ್ಟೆ, ಅದೂ ಹೋಯ್ತು. ಊಟ ಚೆನ್ನಾಗಿ ಮಾಡ್ತಿದೀನಿ, ನಿನ್ನೆ ಸಾರೂ ಮಾಡಿದ್ದೆ. ಸಿಟ್ಟಲ್ಲಿ ಆ ಮೂಟೆಗಳನ್ನ ರದ್ದಿಯವನಿಗೆ ಹಾಕಿಬಿಡಬೇಡ, ಆಪರೇಷನ್ ಆಗೋ ತನಕ ಬಿಚ್ಚೋಕೂ ಬಿಡಬೇಡ. ತಾರೀಖು ಗೊತ್ತಾದ ತಕ್ಷಣ ಫೋನ್ ಮಾಡು. ಬಸ್ಸಿಗೆ ಹೊತ್ತಾಯ್ತು.

ನಿನ್ನ ಮಗ