ಹಿಮಾಲಯದ ಕರ್ಣಕುಂಡಲದ ಬೀಜ ತರುವುದು ಬೇಡ

ಸದಸ್ಯರಲ್ಲಿ ವಿನಂತಿ. ಈ ಮಳೆಗಾಲದಲ್ಲಿ ಬೆಂಗಳೂರಿನಿಂದ ಉತ್ತರಾಖಂಡದ ಚಾರಣಕ್ಕೆ ಹೊರಟಿರುವವರು, ಅಲ್ಲಿನ ದೇವದಾರು ಕಾಡುಗಳ ತೇವದ ಅಂಚಿನಲ್ಲಿ ಆಳೆತ್ತರಕ್ಕೆ ಬೆಳೆದು ನಸುಗೆಂಪು ಹೂ ಬಿಡುವ ಹಿಮಾಲಯದ ಕರ್ಣಕುಂಡಲವನ್ನು ಕಣ್ತುಂಬ ನೋಡಿ ಬರಬೇಕೇ ಹೊರತು ಅದರ ಬೀಜವನ್ನು ತರಬಾರದು. ಒಂದೇ ವರ್ಷ ಬಾಳುವ ಈ ಗಿಡದ ಬಲಿತ ಕಾಯಿಯನ್ನು ಬೆರಳ ತುದಿಯಿಂದ ಮುಟ್ಟಿದರೆ ಸಾಕು, ಸಿಪ್ಪೆ ಥಟ್ಟನೆ ಸುರುಳಿಗೊಂಡು ಬೀಜಗಳು ಹಲವು ಮೀಟರ್ ದೂರ ಸಿಡಿಯುತ್ತವೆ. ಚಿಕ್ಕಂದಿನಲ್ಲಿ ಹಿತ್ತಲ ಕರ್ಣಕುಂಡಲದ ಕಾಯಿ ಸಿಡಿಸಿ ಆಡಿದವರಿಗೆ ಇದು ಚೆನ್ನಾಗಿ ಗೊತ್ತು. 1839ರಲ್ಲಿ ಅಂದಕ್ಕೆಂದು ಬ್ರಿಟನ್ನಿಗೆ ಒಯ್ದ ಗಿಡ ಅಲ್ಲಿನ ಹೊಳೆದಂಡೆಗಳಿಗೆ ಹಬ್ಬಿ ಸ್ಥಳೀಯ ಸಸ್ಯಗಳನ್ನು ಬದಿಗೊತ್ತಿದೆ, ಚಳಿಗಾಲದಲ್ಲಿ ಅದು ಸತ್ತು ಬರಿದಾದ ದಂಡೆಯ ಮಣ್ಣು ಕೊಚ್ಚಿಹೋಗುತ್ತದೆ. ಮೊಳೆಯಲು ದೀರ್ಘ ಚಳಿ ಬೇಡುವ ಆ ಬೀಜ ನಮ್ಮ ಬಾಲ್ಕನಿಯ ಕುಂಡದಲ್ಲಿ ಏಳುವುದೂ ಕಷ್ಟ. ಹೊರಡುವ ಮುನ್ನ ಬೂಟಿಗೆ ಅಂಟಿದ ಮಣ್ಣನ್ನು ಅಲ್ಲಿಯೇ ಕೊಡವಿ ಬನ್ನಿ.