ಗೇಟಿನ ಮುಂದಿನ ಹೊಗೆ ಮತ್ತು ನಾನು ಬೇಡವೆಂದ ಆ ಬೋರ್ಡ್

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ಪೋಷಕರ ಸಭೆಯಲ್ಲಿ ನಿಮ್ಮಲ್ಲಿ ಕೆಲವರು ಒಂದು ಬೋರ್ಡ್ ಬರೆಸೋಣ ಅಂದಿರಿ. ಸಂಜೆ ಶಾಲೆ ಬಿಡುವ ಹೊತ್ತಿಗೆ ಗಾಡಿಗಳು ಎಂಜಿನ್ ಆನ್ ಇಟ್ಟುಕೊಂಡೇ ಗೇಟಿನ ಮುಂದೆ ನಿಂತಿರುತ್ತವೆ, ಮಕ್ಕಳು ಆ ಹೊಗೆಯಲ್ಲೇ ಹೊರಗೆ ಬರುತ್ತಾರೆ. ಅದಕ್ಕೆ 'ಇಲ್ಲಿಗೆ ಬರುವ ಹೆಚ್ಚಿನ ಪೋಷಕರು ಎಂಜಿನ್ ಆಫ್ ಮಾಡುವುದೇ ಇಲ್ಲ' ಎಂದು ದಪ್ಪಕ್ಷರದಲ್ಲಿ ಬರೆಸಿ ತೂಗುಹಾಕಿದರೆ ನಾಚಿಕೆಯಿಂದಾದರೂ ಸರಿಹೋಗುತ್ತಾರೆ ಅನ್ನುವುದು ನಿಮ್ಮ ಲೆಕ್ಕ. ನಾನು ಬೇಡ ಎಂದೆ. ಯಾಕೆ ಎಂದು ಹೇಳಲು ಅವತ್ತು ಹೊತ್ತು ಸಿಗಲಿಲ್ಲ (ಯೂನಿಫಾರಂ ವಿಷಯಕ್ಕೇ ಅರ್ಧ ಸಭೆ ಹೋಯಿತು), ಅದಕ್ಕೇ ಈ ಪತ್ರ.

ಅಮೆರಿಕದ ಅರಿಜೋನಾದಲ್ಲಿ ಪೆಟ್ರಿಫೈಡ್ ಫಾರೆಸ್ಟ್ ಎಂಬ ರಾಷ್ಟ್ರೀಯ ಉದ್ಯಾನ ಇದೆ. 20 ಕೋಟಿ ವರ್ಷಕ್ಕೂ ಹಿಂದಿನ ಮರಗಳು ಅಲ್ಲಿ ಕಲ್ಲಾಗಿ ಬಿದ್ದಿವೆ. ನೋಡಲು ಬಂದವರು ಒಂದೊಂದು ಚೂರು ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಇದನ್ನು ತಡೆಯುವುದು ಹೇಗೆಂದು ನೋಡಲು ರಾಬರ್ಟ್ ಚಾಲ್ಡಿನಿ ಎಂಬ ಮನಶ್ಶಾಸ್ತ್ರಜ್ಞರ ತಂಡ, ಗುರುತು ಮಾಡಿದ ತುಂಡುಗಳನ್ನು ಕಾಲುದಾರಿಯಲ್ಲಿ ಇಟ್ಟು, ಬೇರೆ ಬೇರೆ ಬೋರ್ಡ್ ಹಾಕಿತು. 'ಹಿಂದೆ ಬಂದ ಬಹಳ ಜನ ಇಲ್ಲಿನ ಮರ ಒಯ್ದಿದ್ದಾರೆ, ಇದರಿಂದ ಕಾಡು ಹಾಳಾಗಿದೆ' ಎಂಬ ಅರ್ಥದ ಬೋರ್ಡ್ ಇದ್ದಾಗ 100 ತುಂಡಿಗೆ ಸುಮಾರು 8 ಕಳವಾದವು. 'ದಯವಿಟ್ಟು ತೆಗೆಯಬೇಡಿ' ಎಂದಷ್ಟೇ ಕೇಳಿಕೊಂಡಾಗ 2 ಕೂಡ ಹೋಗಲಿಲ್ಲ. ಬೈಗುಳದ ಬೋರ್ಡ್ ಓದಿದವರಿಗೆ ಕಂಡದ್ದು ಬೈಗುಳ ಅಲ್ಲ, 'ಓ, ಎಲ್ಲರೂ ತಗೊಳ್ತಾರೆ' ಅನ್ನುವ ಸುದ್ದಿ. ನಾವು ಹಾಕಬೇಕೆಂದಿದ್ದ ಬೋರ್ಡ್ ಹೇಳುತ್ತಿದ್ದುದೂ ಅದನ್ನೇ ಅಲ್ವಾ?

ಇನ್ನೊಂದು ಪ್ರಯೋಗ ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಎಂಬ ಊರಿನದು, 2007ರಲ್ಲಿ ಪ್ರಕಟವಾದದ್ದು. 300ಕ್ಕೆ ಸ್ವಲ್ಪ ಕಡಿಮೆ ಮನೆಗಳ ಮೀಟರ್ ಓದಿ, ನೀವು ಇಷ್ಟು ಕರೆಂಟ್ ಬಳಸಿದ್ದೀರಿ, ನಿಮ್ಮ ಬಡಾವಣೆಯ ಸರಾಸರಿ ಇಷ್ಟು ಎಂದು ಬಾಗಿಲಿಗೆ ಚೀಟಿ ಸಿಕ್ಕಿಸಿ ಬಂದರು. ಜಾಸ್ತಿ ಬಳಸುತ್ತಿದ್ದವರು ಕಡಿಮೆ ಮಾಡಿದರು. ಅದು ಎಲ್ಲರೂ ಊಹಿಸಿದ್ದೇ. ಆದರೆ ಮೊದಲೇ ಕಡಿಮೆ ಬಳಸುತ್ತಿದ್ದವರು, ಅಯ್ಯೋ ನಾವೇ ಸುಮ್ನೆ ಕಷ್ಟಪಡ್ತಿದ್ದೀವಿ ಅಂದುಕೊಂಡರೋ ಏನೋ, ಜಾಸ್ತಿ ಮಾಡಿಬಿಟ್ಟರು! ಅವರ ಚೀಟಿಯ ಮೇಲೆ ಒಂದು ನಗುಮುಖದ ಚಿತ್ರ ಬರೆದಾಗ ಮಾತ್ರ ಬಳಕೆ ಏರದೆ ಮೊದಲಿನಷ್ಟರಲ್ಲೇ ನಿಂತಿತು. ನಮ್ಮ ಗೇಟಿಗೂ ಇದನ್ನು ಹೊಂದಿಸಿ ನೋಡಿ. ಈಗ ತಾವಾಗಿಯೇ ಎಂಜಿನ್ ಆಫ್ ಮಾಡುವ ಕೆಲವರಿದ್ದೀರಿ. 'ಯಾರೂ ಮಾಡಲ್ಲ' ಎಂದು ಬರೆದರೆ ಮೊದಲು ಕಳೆದುಕೊಳ್ಳುವುದು ನಿಮ್ಮನ್ನೇ.

ಬೇರೆಯವರನ್ನು ನೋಡಿ ಮಾಡುವವರು ನಾವಲ್ಲ ಅಂತ ನಿಮಗೆ ಅನಿಸಬಹುದು. ಕ್ಯಾಲಿಫೋರ್ನಿಯಾದವರೂ ಹಾಗೇ ಹೇಳಿದ್ದರು. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕರೆಂಟ್ ಉಳಿಸಲು ಕಾರಣ ಕೇಳಿದಾಗ ಪರಿಸರ, ಸಮಾಜ, ದುಡ್ಡು ಎಲ್ಲ ಬಂತು, ಅಕ್ಕಪಕ್ಕದವರು ಮಾಡುತ್ತಾರೆ ಎಂಬುದು ಕಟ್ಟಕಡೆಗೆ. ಆದರೆ ಯಾರು ನಿಜವಾಗಿ ಉಳಿಸುತ್ತಾರೆ ಎಂದು ನೋಡಿದರೆ, ಅಕ್ಕಪಕ್ಕದವರು ಉಳಿಸುತ್ತಾರೆ ಎಂದು ನಂಬಿದವರಲ್ಲೇ ಅದು ಎದ್ದು ಕಾಣುತ್ತಿತ್ತು.

ಹೊಗೆಯ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ? ಒಂದು ಸಂಜೆ ಗೇಟಿನ ಹತ್ತಿರ ಒಂದನೇ ಕ್ಲಾಸಿನ ಮಗುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿ. ನಮಗೆ ಮೊಣಕಾಲಿನ ಮಟ್ಟದಲ್ಲಿ ಹೋಗುವ ಸೈಲೆನ್ಸರ್ ಹೊಗೆ ಅದರ ಮುಖಕ್ಕೆ ಬಡಿಯುತ್ತದೆ. ಮೈತೂಕಕ್ಕೆ ಹೋಲಿಸಿದರೆ ಮಕ್ಕಳು ನಮಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ ಬೇರೆ. ಸ್ಪೇನಿನ ಬಾರ್ಸಿಲೋನಾದಲ್ಲಿ 39 ಶಾಲೆಗಳ 7ರಿಂದ 10 ವರ್ಷದ 2,715 ಮಕ್ಕಳನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಬಂತು. ಶಾಲೆಯ ಅಂಗಳದಲ್ಲೂ ತರಗತಿಯೊಳಗೂ ವಾಹನಗಳ ಹೊಗೆ ಎಷ್ಟಿದೆ ಎಂದು ಅಳೆದರು, ಮಕ್ಕಳಿಗೆ ನೆನಪಿನ ಪರೀಕ್ಷೆ ಕೊಟ್ಟರು. ಇಲ್ಲಿ ನೆನಪು ಅಂದರೆ ಬಾಯಿಪಾಠ ಅಲ್ಲ, ಕೂಡುವ ಲೆಕ್ಕದಲ್ಲಿ ಕೈಲಿರುವ ದಶಕವನ್ನು ಮುಂದಿನ ಸಾಲು ಕೂಡುವವರೆಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುತ್ತೇವಲ್ಲ, ಆ ಶಕ್ತಿ. ಹೊಗೆ ಕಡಿಮೆ ಇದ್ದ ಶಾಲೆಗಳಲ್ಲಿ ಅದು ವರ್ಷದಲ್ಲಿ ಶೇ. 11.5ರಷ್ಟು ಬೆಳೆದರೆ ಹೊಗೆ ಜಾಸ್ತಿ ಇದ್ದ ಶಾಲೆಗಳಲ್ಲಿ ಶೇ. 7.4ರಷ್ಟೇ. ಅಪ್ಪ ಅಮ್ಮನ ಓದು, ಮನೆಯ ಸ್ಥಿತಿಗತಿ ಇದನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸ ಉಳಿಯಿತು. ಇಂಥ ಅಧ್ಯಯನ ಒಂದರಿಂದಲೇ ಹೊಗೆಯೇ ಕಾರಣ ಎಂದು ಮೊಹರು ಒತ್ತಲು ಬರುವುದಿಲ್ಲ, ಒಪ್ಪುತ್ತೇನೆ. ಆದರೂ ಟ್ಯೂಷನ್ನಿಗೆ ಅಷ್ಟು ದುಡ್ಡು ಸುರಿಯುವ ನಾವು ಒಂದು ಕೀ ತಿರುಗಿಸಲು ಪೂರ್ತಿ ಸಾಬೀತಾಗಲಿ ಎಂದು ಕಾಯುವುದು ನನಗೇನೂ ಜಾಣತನ ಅನಿಸುವುದಿಲ್ಲ.

ಹಾಗಾದರೆ ಬೋರ್ಡಿನಲ್ಲಿ 'ಇಲ್ಲಿ ಹೆಚ್ಚಿನವರು ಆಫ್ ಮಾಡುತ್ತಾರೆ' ಎಂದು ಬರೆಯಬಹುದಲ್ಲ ಎಂದು ನಮ್ಮ ಪಿಟಿ ಮೇಷ್ಟ್ರು ಕೇಳಿದರು. ಅದು ಇವತ್ತಿಗೆ ಸುಳ್ಳು. ಶಾಲೆಯ ಗೋಡೆ ಮೇಲೆ ಸುಳ್ಳು ಬರೆಯಲಾರೆ. ಬದಲಿಗೆ ಶಾಲಾ ವ್ಯಾನಿನ ಡ್ರೈವರುಗಳ ಜೊತೆ ಮಾತಾಡಿದ್ದೇನೆ. ಸೋಮವಾರದಿಂದ ಅವರೇ ಮೊದಲು ಬಂದು ಸಾಲಿನ ಮುಂದೆ ಎಂಜಿನ್ ಆಫ್ ಮಾಡಿ ನಿಲ್ಲುತ್ತಾರೆ. ಹಿಂದೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಆಫ್ ಆಗಿ ನಿಂತ ಗಾಡಿಗಳು. ಬೋರ್ಡೂ ಇರುತ್ತದೆ, 'ದಯವಿಟ್ಟು ಎಂಜಿನ್ ಆಫ್ ಮಾಡಿ' ಎಂದಷ್ಟೇ. ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ರೈಲ್ವೆ ಗೇಟಿನ ಹತ್ತಿರ ಬೋರ್ಡುಗಳನ್ನು ಹಾಕಿ ನೋಡಿದಾಗ ಎಂಜಿನ್ ಆಫ್ ಮಾಡುವವರು ಹೆಚ್ಚಾದರು. ಬೋರ್ಡಿನಿಂದ ಏನೂ ಆಗುವುದಿಲ್ಲ ಎಂದಲ್ಲ, ಅದರಲ್ಲಿ ಏನು ಬರೆದಿದ್ದೇವೆ ಎನ್ನುವುದು ಮುಖ್ಯ.

ಮತ್ತೆ ಸ್ಟಾರ್ಟ್ ಮಾಡಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಎನ್ನುವವರಿಗೆ ಒಂದು ಮಾತು: ಸುಮಾರು 10 ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಆಫ್ ಮಾಡುವುದೇ ಲಾಭ. ಕೆಲವರ ಗಾಡಿಯ ಬ್ಯಾಟರಿ ವೀಕು, ಒಮ್ಮೆ ಆಫ್ ಆದರೆ ತಳ್ಳಬೇಕು, ಗೊತ್ತು. ಕಾರಿನಲ್ಲಿ ಕೂಸು ಮಲಗಿದ್ದು ಎಸಿ ಬೇಕಾದವರೂ ಇದ್ದೀರಿ. ನೀವು ಗೇಟಿನ ಮುಂದೆ ಬೇಡ, ಮೈದಾನದ ಆಚೆ ಬದಿಯಲ್ಲಿ ನಿಲ್ಲಿಸಿ, ಆಯಾ ಮಗುವನ್ನು ಅಲ್ಲಿಗೇ ತಂದು ಬಿಡುತ್ತಾರೆ.

ಇನ್ನೊಂದು ಸಂಗತಿ. ಏಳನೇ ಕ್ಲಾಸಿನ ಮಕ್ಕಳು ಈ ವಾರ ಮನೆಯಲ್ಲಿ ನಿಮ್ಮನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ನೀವು ಚಿಕ್ಕವರಿದ್ದಾಗ ಮಳೆ ಹೇಗಿತ್ತು, ಬೇಸಿಗೆ ಹೇಗಿತ್ತು, ಶಾಲೆಗೆ ಹೇಗೆ ಹೋಗುತ್ತಿದ್ದಿರಿ ಅಂತ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಹೀಗೆ ಹವಾಮಾನ ಬದಲಾವಣೆಯ ಪಾಠ ಕಲಿತ ಮಕ್ಕಳು ಹೆತ್ತವರ ಸಂದರ್ಶನ ಮಾಡಿದಾಗ ಆ ವಿಷಯದಲ್ಲಿ ಹೆತ್ತವರ ಕಾಳಜಿಯೂ ಹೆಚ್ಚಿತು ಎಂದು 2019ರಲ್ಲಿ ಪ್ರಕಟವಾಯಿತು. ಹೆಣ್ಣುಮಕ್ಕಳ ಮಾತು ಹೆಚ್ಚು ನಾಟಿತಂತೆ, ಅದರಲ್ಲೂ ಅಪ್ಪಂದಿರ ಮೇಲೆ ಪರಿಣಾಮ ಜೋರು. ಇದನ್ನು ಓದಿ ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ. ಫೋನ್ ಪಕ್ಕಕ್ಕಿಟ್ಟು ಅರ್ಧ ಗಂಟೆ ಉತ್ತರ ಹೇಳಿ, ಮಕ್ಕಳೇ ಬರೆದುಕೊಳ್ಳಲಿ. ನೀವೇ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟರೆ ಅಕ್ಷರ ನೋಡಿದ ಕೂಡಲೇ ನಮಗೆ ಗೊತ್ತಾಗುತ್ತದೆ.

ತಕರಾರು, ಸಲಹೆ ಏನಿದ್ದರೂ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಆಫೀಸಿಗೆ ಬನ್ನಿ. ಯೂನಿಫಾರಂ ವಿಷಯ ಮಾತ್ರ ಮುಂದಿನ ಸಭೆಗೆ ಇಟ್ಟುಕೊಳ್ಳೋಣ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ